ದೋಣಿಯ ಹಲಗೆ, ಭಾವನ ಮೀಸೆ

ನಮ್ಮ ಬೀದಿಯ ಸೋಡಾ ಕೃಷ್ಣಪ್ಪನವರಿಗೆ ಯಂತ್ರವಿದ್ಯೆ ಕರಗತವಾಗಿದೆ ಎಂದು ಶಿವಮೊಗ್ಗೆಯಲ್ಲಿ ಮೊದಲು ಹೇಳಿದವರು ಕೃಷ್ಣಪ್ಪನವರೇ. ಆಮೇಲೆ ಹೇಳಿದವರೂ ಅವರೇ. ಗೋಲಿ ಸೋಡಾ ತುಂಬುವ ಯಂತ್ರದ ಹಿಡಿ ತಿರುಗಿಸುತ್ತ, "ಯಂತ್ರಕ್ಕೂ ಒಂದು ಮನಸ್ಸಿರುತ್ತೆ ಮಾರಾಯ. ಅದನ್ನ ತಿಳ್ಕೊಂಡ್ರೆ ಸೋಡಾ ಆದ್ರೇನು, ರೈಲಾದ್ರೇನು" ಎನ್ನುತ್ತಿದ್ದರು. ನಾನು ಅವರ ಪಕ್ಕದ ಮನೆಯವನು. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವ ಸ್ವಭಾವ ನನ್ನದಲ್ಲ. ಆದರೆ ನಮ್ಮ ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆ ತೆಳ್ಳಗಿದ್ದರೆ ಅದು ನನ್ನ ತಪ್ಪೇ?

ಅದು ಮಹಾರಾಜರ ಕಾಲ. ಊರಿನಲ್ಲಿ ಮೋಟಾರು ಕಾರು ಹೋದರೆ ಜನ ಊಟದ ಎಲೆ ಬಿಟ್ಟು ಎದ್ದು ಬರುತ್ತಿದ್ದರು. ಅಂಥ ದಿನಗಳಲ್ಲಿ ಕಾಫಿ ತೋಟದ ಬಿಳಿಯ ದೊರೆಯೊಬ್ಬ ಸೀಮೆಗೆ ಹೊರಟು ನಿಂತು, ಮನೆಯ ಸಾಮಾನನ್ನೆಲ್ಲ ಹರಾಜಿಗಿಟ್ಟ. ಕೃಷ್ಣಪ್ಪನವರು ಒಂದು ಆರಾಮಕುರ್ಚಿ ತರುತ್ತೇನೆಂದು ಹೆಂಡತಿ ಶಾಂತಮ್ಮನವರಿಗೆ ಹೇಳಿ ಹೋದವರು, ಸಂಜೆ ಎತ್ತಿನ ಗಾಡಿಯ ಮೇಲೆ ಒಂದು ದೋಣಿ ಹೇರಿಕೊಂಡು ಬಂದರು. ಬರೀ ದೋಣಿಯಲ್ಲ, ಮೋಟಾರು ದೋಣಿ. ಅದರ ಹಿಂಬದಿಗೆ ಅಡ್ಡಲಾಗಿ ಒಂದು ಹಲಗೆ. ಆ ಹಲಗೆಗೆ ಕಚ್ಚಿಕೊಂಡಂತೆ ಒಂದು ಪುಟ್ಟ ಮೋಟಾರು.

"ಕುರ್ಚಿ ಎಲ್ಲಿ?" ಎಂದರು ಶಾಂತಮ್ಮ.

"ಇದರಲ್ಲೂ ಕೂತ್ಕೋಬೋದು ಕಣೇ" ಎಂದರು ಕೃಷ್ಣಪ್ಪನವರು.

ದೋಣಿ ತುಂಗಾ ಹೊಳೆಗಿಳಿದ ದಿನ ನಾನೂ ದಡದಲ್ಲಿದ್ದೆ. ಮೋಟಾರು ಮಾಡಿದ ಸದ್ದಿಗೆ ಹೊಳೆಯ ನಡುವಿನ ಮಂಟಪದ ಪಾರಿವಾಳಗಳೆಲ್ಲ ಹಾರಿದವು. ಸದ್ದೇನೋ ಹೋಯಿತು, ದೋಣಿ ಮಾತ್ರ ಹೋಗಲೊಲ್ಲದು. ಅದೇ ಹೊತ್ತಿಗೆ ಒಂದು ಎಮ್ಮೆ ಈಜುತ್ತ ಬಂದು, ದೋಣಿಯನ್ನು ದಾಟಿಕೊಂಡು ಆಚೆ ದಡಕ್ಕೆ ಹೋಯಿತು. ಹೋಗುವಾಗ ಒಂದು ಸಲ ತಿರುಗಿ ನೋಡಿತು ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳು. ಎರಡು ಸಲ ನೋಡಿತು.

ಆ ಎಮ್ಮೆಯ ಮಾತು ಸೋಡಾ ಅಂಗಡಿಯವರೆಗೂ ಬಂತು. "ಒಂದು ಶುಂಠಿ ಸೋಡಾ ಕೊಡಿ, ಬೇಗ, ಎಮ್ಮೆ ಬರೋಷ್ಟರಲ್ಲಿ" ಎಂದು ಗಿರಾಕಿಗಳು ಶುರುಮಾಡಿದರು. ಕೃಷ್ಣಪ್ಪನವರಿಗೆ ತಡೆಯಲಾಗಲಿಲ್ಲ. ಬೊಂಬಾಯಿಗೆ ಬರೆದು, ಹಳೆಯದಕ್ಕಿಂತ ಬಹಳ ದೊಡ್ಡದಾದ ಮೋಟಾರೊಂದನ್ನು ರೈಲಿನಲ್ಲಿ ತರಿಸಿಯೇ ಬಿಟ್ಟರು. ಅದನ್ನು ಮನೆಯ ಜಗಲಿಗೇರಿಸುವಾಗ ನಾನೂ ಒಂದು ಕೈ ಕೊಟ್ಟೆ. ಬೆಳೆದ ಕರುವಿನ ಭಾರ. ನನ್ನ ಸೊಂಟ ಈಗಲೂ ಮೋಡ ಕವಿದಾಗ ಅದನ್ನು ನೆನೆಸಿಕೊಳ್ಳುತ್ತದೆ.

ಗೌರಿಹಬ್ಬ ಬಂತು. ತಂಗಿಗೆ ತವರಿನ ಬಾಗಿನ ಕೊಡಲು ಭದ್ರಾವತಿಯಿಂದ ಶಾಂತಮ್ಮನವರ ಅಣ್ಣ ರಾಮಚಂದ್ರಪ್ಪ ಬಂದರು. ಅವರು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವರಿಗಿಂತ ಅವರ ಮೀಸೆಗೆ ಹೆಸರು ಹೆಚ್ಚು. ಎರಡು ತುದಿಯೂ ಮೇಲಕ್ಕೆ ತಿರುಗಿ ಕೆನ್ನೆ ಮುಟ್ಟುತ್ತಿದ್ದ, ದಿನಾ ಬೆಣ್ಣೆ ತಿನ್ನುತ್ತಿದ್ದ ಮೀಸೆ. ಅವರು ಜಗಲಿಯ ಮೇಲಿದ್ದ ಹೊಸ ಮೋಟಾರನ್ನು ನೋಡಿದರು, ಅಂಗಳದಲ್ಲಿ ಬೋರಲು ಹಾಕಿದ್ದ ದೋಣಿಯ ಹಿಂಬದಿಯ ಹಲಗೆಯನ್ನು ಬೆರಳಿನಿಂದ ಬಡಿದು ನೋಡಿದರು, ನಕ್ಕರು.

"ಭಾವ, ಈ ಹಪ್ಪಳಕ್ಕೆ ಆ ಮೋಟಾರು ಕಟ್ತೀರಾ? ಹಲಗೇನ ಕಿತ್ಕೊಂಡು ಮೋಟಾರು ಒಂದೇ ಹರಿಹರಕ್ಕೆ ಹೋಗುತ್ತೆ. ನೀವು ಇಲ್ಲೇ ಕೂತಿರ್ತೀರಿ."

"ಹಲಗೆ ಗಟ್ಟಿ ಮಾಡಿಸ್ತೀನಿ ಭಾವ."

"ಏನು ಮಾಡಿಸಿದ್ರೂ ಅಷ್ಟೆ. ಕಬ್ಬಿಣದ ಜೊತೆ ಬದುಕಿದೋನು ನಾನು. ಸೋಡಾ ಅಲ್ಲ ಇದು."

ಸೋಡಾದ ಮಾತು ಎತ್ತಬಾರದಿತ್ತು. ಕೃಷ್ಣಪ್ಪನವರ ಮುಖ ಕೆಂಪಾಯಿತು. "ದಸರಾ ದಿನ ಬನ್ನಿ. ಮಂಟಪ ಸುತ್ತಿ ಬರ್ತೀನಿ. ಹಲಗೆ ಏನಾದ್ರೂ ಮೋಟಾರನ್ನ ಕೈಬಿಟ್ರೆ ನನ್ನ ಮೀಸೆ ಬೋಳಿಸಿಬಿಡ್ತೀನಿ!"

"ಕೈಬಿಡ್ದೆ ಹಿಡ್ಕೊಂಡ್ರೆ ನನ್ನ ಮೀಸೆ ಬೋಳಿಸ್ತೀನಿ!" ಎಂದರು ರಾಮಚಂದ್ರಪ್ಪ.

ಶಾಂತಮ್ಮನವರು ಬಾಗಿನದ ಮೊರ ಹಿಡಿದುಕೊಂಡೇ, "ಹಬ್ಬದ ದಿನ ಇದೆಂಥ ಮಾತು ನಿಮ್ದು ಇಬ್ರದ್ದೂ" ಎಂದು ಗದರಿಕೊಂಡು ಒಳಗೆ ಹೋದರು. ಆದರೆ ಆಡಿದ ಮಾತು ಗೋಡೆ ದಾಟಿಯಾಗಿತ್ತು. ಸಂಜೆಯೊಳಗೆ ಬೀದಿಗೂ ತಿಳಿಯಿತು. ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದು ನಾಲ್ಕೈದು ಮನೆಗಳಿಗೆ ಮಾತ್ರ.

ಮಾರನೆಯ ದಿನವೇ ಕೃಷ್ಣಪ್ಪನವರು ಗಾಡಿ ಮಾಡುವ ಆಚಾರಿಯನ್ನು ಕರೆಸಿದರು. ನಮ್ಮ ಊರಿನಲ್ಲಿ ಗಾಡಿಯ ಹಿಂಬದಿಯ ವಿಷಯದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆಚಾರಿ ದೋಣಿಯನ್ನು ಒಂದು ಸುತ್ತು ಬಂದು, ಕಿವಿಯ ಮೇಲಿನ ಸೀಸದಕಡ್ಡಿ ತೆಗೆದು, ಮತ್ತೆ ಅಲ್ಲೇ ಇಟ್ಟ.

"ಎತ್ತು ಎಲ್ಲಿ ಕಟ್ತೀರಿ ಸ್ವಾಮಿ?"

"ಎತ್ತಿಲ್ಲ ಆಚಾರ್ರೇ. ಮೋಟಾರು ಹಿಂದಿನಿಂದ ತಳ್ಳುತ್ತೆ."

"ಹಿಂದಿನಿಂದ!" ಆಚಾರಿ ಕೆಳಗೆ ಕೂತ. "ಎತ್ತನ್ನ ಹಿಂದೆ ಕಟ್ಟಿದ ಗಾಡೀನ ನಮ್ಮ ಅಜ್ಜನ ಕಾಲದಿಂದ ನಾವು ಮಾಡಿಲ್ಲ. ಆಗಲಿ, ನಿಮ್ಮಿಷ್ಟ. ಮೇಸ್ತ್ರಿ ಮೀಸೆಯ ಪ್ರಶ್ನೆ ಅಂತೆ. ನಾನು ಕೆಲಸದಲ್ಲಿ ಕೊರತೆ ಮಾಡಲ್ಲ."

ಅವನು ಕೊರತೆ ಮಾಡಲೂ ಇಲ್ಲ. ಹಳೆಯ ಹಲಗೆಯ ಒಳಮೈಗೆ ಮತ್ತಿಮರದ ಇನ್ನೊಂದು ಹಲಗೆ ಕೂಡಿಸಿದ. ಅದು ಹೊಸ್ತಿಲಿನಷ್ಟು ದಪ್ಪವಿತ್ತು. ಹೊಸ್ತಿಲಿಗೆಂದೇ ಇಟ್ಟುಕೊಂಡಿದ್ದ ಮರ ಎಂದು ಆಮೇಲೆ ತಿಳಿಯಿತು. ಹಳೆಯ ಹಲಗೆಯ ಬುಡದಲ್ಲಿ ಒಂದು ಸಣ್ಣ ತೂತು, ಅದಕ್ಕೆ ಹಿತ್ತಾಳೆಯ ಬಿರಡೆ ಇತ್ತು. ದೋಣಿ ದಡಕ್ಕೆ ಬಂದಮೇಲೆ ಒಳಗಿನ ನೀರು ಹರಿದುಹೋಗಲೆಂದು ದೊರೆ ಇಟ್ಟುಕೊಂಡಿದ್ದ ತೂತು ಅದು. ದೊರೆ ಮಾಡಿದ್ದನ್ನು ಮುಚ್ಚಬಾರದೆಂದು ಆಚಾರಿ ಹೊಸ ಹಲಗೆಯಲ್ಲೂ ಅದೇ ನೇರಕ್ಕೆ ತೂತು ಕೊರೆದು, ಬಿರಡೆಯನ್ನು ಮತ್ತೆ ಸಿಗಿಸಿದ.

ಇಷ್ಟಕ್ಕೇ ನಿಂತಿದ್ದರೆ ಸಾಕಾಗಿತ್ತು. ಆದರೆ ಕೃಷ್ಣಪ್ಪನವರಿಗೆ ನಿದ್ದೆ ಬರಲಿಲ್ಲ. ಕಬ್ಬಿಣದ ಮನುಷ್ಯನನ್ನು ಕಬ್ಬಿಣದಿಂದಲೇ ಸೋಲಿಸಬೇಕೆಂದು, ಹಲಗೆಯ ಅಳತೆಗೆ ಹೆಗಲ ಮೇಲಿನ ಟವೆಲಿಗೆ ಗಂಟು ಹಾಕಿಕೊಂಡು, ಭದ್ರಾವತಿಯ ರೈಲು ಹತ್ತಿದರು. ಜೊತೆಗೆ ನಾನೂ ಹೋದೆ, ಸಾಕ್ಷಿಗೆ ಒಬ್ಬರು ಬೇಕಲ್ಲ.

ಜನ್ನಾಪುರದಲ್ಲಿ ಧರ್ಮಪ್ಪ ಎಂಬವನ ಕುಲುಮೆ. ಹಗಲು ಕಾರ್ಖಾನೆಯಲ್ಲಿ ರಾಮಚಂದ್ರಪ್ಪನವರ ಕೈಕೆಳಗೆ ದುಡಿದು, ಸಂಜೆ ಮನೆಯ ಹಿತ್ತಿಲಲ್ಲಿ ಗುದ್ದಲಿ, ಕತ್ತಿ ಬಡಿಯುತ್ತಿದ್ದ. ಕೃಷ್ಣಪ್ಪನವರು ಟವೆಲು ಬಿಚ್ಚಿ ಅಳತೆ ತೋರಿಸಿ, ಬಾಜಿಯ ವಿಷಯ ಹೇಳಿದರು. ಧರ್ಮಪ್ಪ ತಿದಿ ಒತ್ತುವುದನ್ನು ನಿಲ್ಲಿಸಿದ.

"ಯಾರ ಮೀಸೆ? ನಮ್ಮ ಮೇಸ್ತ್ರಿ ಮೀಸೇನಾ?"

"ಹೌದಪ್ಪ."

"ಹಲಗೆ ತಡೀಬೇಕು, ಅಷ್ಟೇ ತಾನೆ?" ಅವನ ಕಣ್ಣು ಹೊಳೆಯಿತು. ಪಕ್ಕದ ಮನೆಯ ಕಡೆ ತಿರುಗಿ, "ಅಣ್ಣೋ, ಬಾರೋ ಇಲ್ಲಿ! ನಮ್ಮ ಸೆಕ್ಷನ್ನಿನವರನ್ನೆಲ್ಲ ಕರಿ!" ಎಂದು ಕೂಗಿದ.

ಆ ಸಂಜೆ ಹಿತ್ತಿಲಲ್ಲಿ ಸೇರಿದವರಲ್ಲಿ ಕನ್ನಡದವರಿದ್ದರು, ತಮಿಳರಿದ್ದರು, ತೆಲುಗರಿದ್ದರು. ಭಾಷೆ ಬೇರೆಯಾದರೂ ಮೇಸ್ತ್ರಿಯ ವಿಷಯದಲ್ಲಿ ಎಲ್ಲರ ಅಭಿಪ್ರಾಯ ಒಂದೇ ಆಗಿತ್ತು. ಒಬ್ಬ ಮನೆಯಿಂದ ಹಳೆಯ ನೇಗಿಲಿನ ಗುಳ ತಂದ, ಇನ್ನೊಬ್ಬ ಗಾಡಿಯ ಹಳಿ ತಂದ, ಮತ್ತೊಬ್ಬ ಒರಳಲ್ಲಿ ಕುಟ್ಟುವ ಕಬ್ಬಿಣದ ಹಾರೆಯನ್ನೇ ತಂದ. ಧರ್ಮಪ್ಪ ಹಲಗೆಗೆ ಹೊದಿಸಲು ತಟ್ಟೆ ಬಡಿದ; ಸಾಲದೆಂದು ಅಡ್ಡಪಟ್ಟಿ ಹಾಕಿದ; ಅದಕ್ಕೂ ಬಲ ಇರಲೆಂದು ಇಕ್ಕೆಲಕ್ಕೆ ಮೊಣಕೈಯಂತೆ ಬಾಗಿದ ಎರಡು ಕಬ್ಬಿಣ ಕೂಡಿಸಿದ. "ಸ್ವಾಮಿ, ಪ್ರಳಯ ಆದ್ರೂ ಈ ಹಲಗೆ, ಆ ಮೋಟಾರು ಬೇರೆ ಆಗಲ್ಲ" ಎಂದ. ಅವನ ಮಾತು ಅಕ್ಷರಶಃ ನಿಜವಾಯಿತು. ಅದೇ ಮುಂದಿನ ಕಷ್ಟ.

ಕಬ್ಬಿಣ ಶಿವಮೊಗ್ಗೆಗೆ ಬಂದು, ದೋಣಿಗೆ ಕೂತು, ಬೋಲ್ಟು ಬಿಗಿದದ್ದೂ ಆಯಿತು. ಬಿರಡೆಯ ತೂತಿನ ಬಳಿ ಮಾತ್ರ ತಟ್ಟೆಯನ್ನು ಅರ್ಧಚಂದ್ರದಂತೆ ಕತ್ತರಿಸಿದ್ದರು. ದೋಣಿಯನ್ನು ಹೊಳೆಯ ಅಂಚಿಗೆ ಒಯ್ದು ನೀರಿಗೆ ಬಿಟ್ಟು ಮೋಟಾರು ಕೂರಿಸಿದರೆ, ಹಿಂಬದಿ ಕುಕ್ಕರಿಸಿ, ಮೂತಿ ಆಕಾಶ ನೋಡತೊಡಗಿತು.

"ಹಿಂಬಾರ ಆಯ್ತು" ಎಂದ ಆಚಾರಿ, ಗಾಡಿಯ ಭಾಷೆಯಲ್ಲಿ. "ಮುಂದೆ ಭಾರ ಹಾಕಿ."

ಸೋಡಾ ಬಾಟಲಿಗಳ ಪೆಟ್ಟಿಗೆ ಮುಂದಿಟ್ಟರು, ಸಾಲಲಿಲ್ಲ. ಆಗ ದಡದ ಮೇಲಿಂದ, "ಯಾರಪ್ಪಣೆ ಮೇಲೆ ಹೊಳೇಲಿ ಮೋಟಾರು ಬಿಡ್ತಿದ್ದೀರಿ?" ಎಂಬ ದನಿ ಕೇಳಿಸಿತು. ಪೊಲೀಸ್ ದಫೇದಾರ್ ಪುಟ್ಟಯ್ಯನವರು. ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಡ್ಯೂಟಿ ಮಾಡುತ್ತಿತ್ತು. ಕೃಷ್ಣಪ್ಪನವರು ಆ ಹೊಟ್ಟೆಯನ್ನು ನೋಡಿದರು, ದೋಣಿಯ ಮೂತಿಯನ್ನು ನೋಡಿದರು.

"ಅದನ್ನೇ ಕೇಳೋಣಾಂತಿದ್ದೆ ದಫೇದಾರ್ರೇ. ಸರ್ಕಾರದ ಕಡೆಯಿಂದ ಯಾರಾದ್ರೂ ಮುಂದೆ ಕೂತು ಉಸ್ತುವಾರಿ ಮಾಡಿದ್ರೆ ಕಾನೂನಿಗೂ ಒಪ್ಪೋ ಹಾಗಾಗುತ್ತೆ."

ದಫೇದಾರರು ಯೋಚಿಸಿ, "ಮುಂದೇನೇ ಕೂರಬೇಕು. ಸರ್ಕಾರ ಹಿಂದೆ ಕೂರಲ್ಲ" ಎಂದರು. ಹತ್ತಿ ಕೂತರು. ದೋಣಿ ತಕ್ಕಡಿ ಹಿಡಿದಂತೆ ಸಮವಾಯಿತು.

ವಿಜಯದಶಮಿ. ಹೊಳೆಯ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಭದ್ರಾವತಿಯಿಂದ ಬೆಳಗಿನ ರೈಲಿಗೆ ರಾಮಚಂದ್ರಪ್ಪ ಬಂದರು. ಅದೇ ರೈಲಿಗೆ ಅವರ ಸೆಕ್ಷನ್ನಿನವರೆಲ್ಲ ಬೇರೆ ಡಬ್ಬಿಯಲ್ಲಿ ಕೂತು, ಗುರುತು ಸಿಗದಂತೆ ತಲೆಗೆ ಟವೆಲು ಸುತ್ತಿಕೊಂಡು ಬಂದಿದ್ದರು. ಕ್ಷೌರದ ಓಬಯ್ಯ ಮೆಟ್ಟಿಲ ಬುಡದಲ್ಲಿ ಒಂದು ಕಲ್ಲನ್ನು ತೊಳೆದು ಸಿದ್ಧಮಾಡಿಕೊಂಡಿದ್ದ. ಹಿಂದಿನ ದಿನ ಆಯುಧಪೂಜೆಯಲ್ಲಿ ಅವನ ಕತ್ತಿಗೆ ಇಟ್ಟ ಕುಂಕುಮ ಇನ್ನೂ ಹಾಗೇ ಇತ್ತು. "ಈ ಕತ್ತೀನ ಸಂಕಲ್ಪ ಮಾಡಿ ತಂದಿದ್ದೀನಿ. ಯಾರದ್ದು ಅಂತ ನಂಗೇನೂ ಇಲ್ಲ. ಆದ್ರೆ ಹಾಗೇ ಮಡಿಸ್ಕೊಂಡು ಹೋದ್ರೆ ವರ್ಷವಿಡೀ ಕಸುಬು ಕೈ ಹತ್ತಲ್ಲ" ಎನ್ನುತ್ತಿದ್ದ.

ರಾಮಚಂದ್ರಪ್ಪನವರ ಜೊತೆ ಅವರ ತಂದೆ ಹೊನ್ನಯ್ಯನವರೂ ಬಂದಿದ್ದರು. ಅಂದರೆ ಕೃಷ್ಣಪ್ಪನವರ ಮಾವ. ಹಣ್ಣು ಹಣ್ಣು ಮುದುಕರು, ಕಿವಿ ಮಂದ, ಎಲೆಅಡಿಕೆಯ ಸಂಚಿ ಮಾತ್ರ ಕೈಬಿಟ್ಟವರಲ್ಲ. ಬಾಜಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅಳಿಯ ದೋಣಿ ಪೂಜೆ ಮಾಡುತ್ತಾರೆ ಎಂದಷ್ಟೇ ತಿಳಿದು ಬಂದಿದ್ದರು. ಹಾಗೆಂದೇ ಪೂಜೆ ಅವರ ಕೈಯಿಂದಲೇ ಆಗಲೆಂದು ಶಾಂತಮ್ಮ ಹೇಳಿದರು.

ದೋಣಿಯನ್ನು ದಡಕ್ಕೆಳೆದು ಹಲಗೆಗೆ ಅರಿಸಿನ ಕುಂಕುಮ ಹಚ್ಚಿ, ಹೂವಿನ ಸರ ಹಾಕಿದರು. ಹೊನ್ನಯ್ಯನವರು ಊದುಬತ್ತಿ ಹಚ್ಚಿಕೊಂಡು ಅದನ್ನು ಸಿಗಿಸಲು ಜಾಗ ಹುಡುಕಿದರು. ಬಾಳೆಹಣ್ಣನ್ನು ಆಗಲೇ ದಫೇದಾರರು ತಿಂದಿದ್ದರು. ಮುದುಕರ ಕಣ್ಣು ಹಲಗೆಯ ಬುಡಕ್ಕೆ ಬಿತ್ತು. ಹಿತ್ತಾಳೆಯ ಬಿರಡೆಯನ್ನು ತಿರುಗಿಸಿ ತೆಗೆದು, ತೂತಿಗೆ ಊದುಬತ್ತಿಗಳನ್ನು ಸಿಗಿಸಿ, ಬಿರಡೆಯನ್ನು ಜೋಪಾನವಾಗಿ ಸಂಚಿಯೊಳಗೆ ಹಾಕಿಕೊಂಡರು.

"ದೊರೆ ಆದ್ರೂ ಎಂಥ ದೈವಭಕ್ತ ನೋಡು. ಊದುಬತ್ತಿಗೆ ಅಂತ್ಲೇ ತೂತು ಬಿಡಿಸಿದಾನೆ" ಎಂದು ನನಗೆ ಹೇಳಿದರು.

ನನಗೂ ಸರಿಯೆನಿಸಿತು. ನಾನೇನು ದೋಣಿಯಲ್ಲಿ ಹುಟ್ಟಿ ಬೆಳೆದವನೆ? ಕೃಷ್ಣಪ್ಪನವರು ಆಗ ಮೋಟಾರಿಗೆ ಮಂಗಳಾರತಿ ಎತ್ತುತ್ತ ಮೀಸೆಯ ಕಡೆ ನೋಡುತ್ತಿದ್ದರು, ಭಾವನ ಮೀಸೆಯ ಕಡೆ.

ದೋಣಿಯನ್ನು ತಳ್ಳಿದೆವು. ಕೃಷ್ಣಪ್ಪನವರು ಹಗ್ಗ ಎಳೆದರು. ಮೋಟಾರು ಗರ್ಜಿಸಿತು, ದೋಣಿ ಕಲ್ಲೆಸೆದಂತೆ ನುಗ್ಗಿತು! ಹಲಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ದಡದಲ್ಲಿ ಜನ ಕೂಗಿದ್ದೇ ಕೂಗಿದ್ದು. ಭದ್ರಾವತಿಯ ಟವೆಲುಗಳೆಲ್ಲ ತಲೆಯಿಂದ ಗಾಳಿಗೆ ಹಾರಿದವು. "ಧರ್ಮಪ್ಪ! ನೀನೂ ಬಂದಿದ್ದೀಯೇನೋ?" ಎಂದರು ರಾಮಚಂದ್ರಪ್ಪ. ಅವರ ಬಲಗೈ ತಾನೇ ತಾನಾಗಿ ಮೀಸೆಯ ಮೇಲೆ ಹೋಗಿತ್ತು.

ದೋಣಿ ಮಂಟಪ ಸುತ್ತಿತು. ಸುತ್ತಿ ಸೀದಾ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ವೇಗವಾಗಿ ಹೋಗುವಷ್ಟು ಹೊತ್ತು ಆ ತೂತಿನಿಂದ ನೀರು ಒಳಗೆ ಬರುತ್ತಿರಲಿಲ್ಲವಂತೆ. ಆಮೇಲೆ ತಿಳಿದವರು ಹೇಳಿದರು. ಆದರೆ ಕೃಷ್ಣಪ್ಪನವರಿಗೆ ಜನರ ಚಪ್ಪಾಳೆ ನೆಮ್ಮದಿಯಾಗಿ ಕೇಳಬೇಕಿತ್ತು. ಮೋಟಾರು ನಿಲ್ಲಿಸಿ, ಎದ್ದು ನಿಂತು, ಕೈ ಮುಗಿದರು. ಮುಗಿದ ಕೈ ಮುಗಿದಂತೆಯೇ ನಿಧಾನವಾಗಿ ಕೆಳಗಿಳಿಯತೊಡಗಿದರು.

"ಕೃಷ್ಣಪ್ನೋರೇ, ಯಾಕೋ ನಾನು ಮೇಲೆ ಹೋಗ್ತಾ ಇದ್ದೀನಿ" ಎಂದರು ಮುಂದಿದ್ದ ದಫೇದಾರರು.

"ನಾನು ಕೆಳಗೆ ಹೋಗ್ತಿದ್ದೀನಿ ದಫೇದಾರ್ರೇ!"

ಹಿಂಬದಿ ಮುಳುಗಿದಷ್ಟೂ ಮೂತಿ ಏರಿತು. ದಸರಾ ದಿನ ಅಂಬಾರಿಯ ಮೇಲೆ ಕೂತಂತೆ ದಫೇದಾರ್ ಪುಟ್ಟಯ್ಯನವರು ಊರಿಗೆಲ್ಲ ಕಂಡರು. ಜನ ಮತ್ತೆ ಚಪ್ಪಾಳೆ ತಟ್ಟಿದರು, ಇದೂ ಕಾರ್ಯಕ್ರಮದಲ್ಲಿ ಸೇರಿದೆಯೆಂದು. ಆಮೇಲೆ ಅವರೂ ಕಾಣಿಸಲಿಲ್ಲ. ಪುಣ್ಯಕ್ಕೆ ಅಲ್ಲಿ ನೀರು ಎದೆಮಟ್ಟ. ಇಬ್ಬರೂ ನಡೆದುಕೊಂಡೇ ದಡಕ್ಕೆ ಬಂದರು, ಮೊದಲು ಹೊಟ್ಟೆ, ಹಿಂದೆ ದಫೇದಾರರು, ಅವರ ಹಿಂದೆ ಕೃಷ್ಣಪ್ಪನವರು.

ರಾಮಚಂದ್ರಪ್ಪ ಓಡಿ ಬಂದರು. "ಮುಳುಗ್ತಲ್ಲ ಭಾವ! ಬನ್ನಿ, ಕಲ್ಲಿನ ಮೇಲೆ ಕೂತ್ಕೊಳ್ಳಿ. ಓಬಯ್ಯ, ಕತ್ತಿ ತೆಗಿ!"

"ಯಾಕೆ ಕೂತ್ಕೋಬೇಕು? ದೋಣಿ ತೇಲುತ್ತೆ ಅಂತ ನಾನು ಯಾವತ್ತು ಬಾಜಿ ಕಟ್ಟಿದ್ದೆ?" ಮೈಯಿಂದ ನೀರು ಸುರಿಯುತ್ತಿದ್ದರೂ ಕೃಷ್ಣಪ್ಪನವರ ದನಿ ತಗ್ಗಿರಲಿಲ್ಲ. "ಹಲಗೆ ಮೋಟಾರನ್ನ ಹಿಡ್ಕೊಂಡಿದ್ಯೋ ಇಲ್ವೋ, ಅಷ್ಟೇ ಮಾತು!"

"ನೀರಿನ ಕೆಳಗೆ ಹಿಡ್ಕೊಂಡ್ರೆಷ್ಟು, ಬಿಟ್ರೆಷ್ಟು!"

ಗುಂಪು ಎರಡು ಪಾಲಾಯಿತು. ಕೊನೆಗೆ ರುಮಾಲು ಹಿಂಡಿಕೊಳ್ಳುತ್ತಿದ್ದ ದಫೇದಾರರು ಕೈಯೆತ್ತಿದರು. "ಮುದ್ದೆಮಾಲು ಹಾಜರಾಗದೆ ತೀರ್ಪಿಲ್ಲ. ಹಲಗೇನೂ ಮೋಟಾರನ್ನೂ ಎಳೀರಿ ಮೇಲಕ್ಕೆ."

ಧರ್ಮಪ್ಪನ ಕಡೆಯವರು ಮುಳುಗಿ ಮೋಟಾರಿಗೇ ಹಗ್ಗ ಬಿಗಿದರು. ದಡದಲ್ಲಿ ಎರಡು ಜೋಡಿ ಎತ್ತು ಕಟ್ಟಿದರು. "ಕೊನೆಗೂ ಎತ್ತು ಕಟ್ಟಿದ್ರಲ್ಲ, ಅಷ್ಟು ಸಾಕು" ಎಂದ ಆಚಾರಿ ತೃಪ್ತಿಯಿಂದ. ಎತ್ತುಗಳು ಎಳೆದವು. ದೋಣಿಯ ಮೂತಿ ಹೊಳೆಯ ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಅದು ಬಿಡಲಿಲ್ಲ, ಧರ್ಮಪ್ಪನ ಕಬ್ಬಿಣವೂ ಬಿಡಲಿಲ್ಲ. ನೀರಿನೊಳಗೆ ಏನೋ ಚಟಾರನೆ ಮುರಿಯಿತು. ಎತ್ತುಗಳು ಮುಗ್ಗರಿಸಿ ಮುಂದೆ ಹೋದವು. ಮೆಟ್ಟಿಲ ಮೇಲೆ ಬಂದು ಬಿದ್ದದ್ದನ್ನು ನೋಡಿದರೆ, ಮೋಟಾರು, ಅದನ್ನು ಅವುಚಿಕೊಂಡ ಹಲಗೆ, ಹಲಗೆಯ ಮೇಲೆ ಆಚಾರಿಯ ಮತ್ತಿಮರ, ಅದರ ಮೇಲೆ ಧರ್ಮಪ್ಪನ ಕಬ್ಬಿಣ, ಮೇಲೊಂದು ಹೂವಿನ ಸರ. ದೋಣಿ ಎನ್ನುವ ವಸ್ತು ಮಾತ್ರ ಹೊಳೆಯಲ್ಲೇ ಉಳಿದಿತ್ತು.

ದಫೇದಾರರು ಹಲಗೆಯನ್ನು ಬೂಟಿನಿಂದ ಒದ್ದು ನೋಡಿದರು, ಮೋಟಾರನ್ನು ಅಲುಗಾಡಿಸಿದರು. "ಹಲಗೆ ಮೋಟಾರನ್ನ ಬಿಟ್ಟಿಲ್ಲ. ದೋಣಿ ಈ ಮೊಕದ್ದಮೇಲಿ ಇಲ್ಲ. ಮೇಸ್ತ್ರಿಗಳು ಕೂತ್ಕೋಬೇಕು."

ರಾಮಚಂದ್ರಪ್ಪ ಮಾತಿಗೆ ತಪ್ಪುವವರಲ್ಲ, ಅದನ್ನು ಹೇಳಲೇಬೇಕು. ಮುಖ ಬಿಗಿದುಕೊಂಡು ಕಲ್ಲಿನ ಮೇಲೆ ಕೂತರು. ಸೆಕ್ಷನ್ನಿನವರು ಮುಂದಿನ ಸಾಲಿಗೆ ಬಂದು ಕೂತರು. ಓಬಯ್ಯ ಮೀಸೆಗೆ ನೀರು ಹಚ್ಚಿ, ಕತ್ತಿ ಬಿಚ್ಚಿದ. ಆಗ ಹೊನ್ನಯ್ಯನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಏನೋ ರಾಮ, ಏನು ಮಾಡ್ತಿದ್ದಾನೋ ಇವನು?"

"ಮೀಸೆ ತೆಗೀತಿದಾನೆ ಅಪ್ಪ!"

"ಅಯ್ಯಯ್ಯೋ, ಯಾರು ಹೋದ್ರೋ?"

"ಯಾರೂ ಹೋಗಿಲ್ಲ!"

ಮುದುಕರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮೀಸೆ ತೆಗೆಯುವುದು ಅಪ್ಪ ಸತ್ತಾಗ. ಇವನಿಗೆ ಇರುವುದು ಒಬ್ಬನೇ ಅಪ್ಪ. ಅವರು ತಮ್ಮ ಎದೆ ಮುಟ್ಟಿಕೊಂಡರು. "ನಾನಿನ್ನೂ ಇದ್ದೀನಲ್ಲೋ!"

ಗೌರಿಹಬ್ಬದಿಂದ ವಿಜಯದಶಮಿಯವರೆಗೆ ಹಲಗೆಯ ದಪ್ಪ, ಕಬ್ಬಿಣದ ತೂಕ ಎಲ್ಲವನ್ನೂ ಯೋಚಿಸಿದ್ದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಶಾಂತಮ್ಮ ಓಡಿ ಬಂದು ಓಬಯ್ಯನ ಕೈ ಹಿಡಿದರು. "ನಮ್ಮಪ್ಪ ಕಣ್ಣೆದುರಿಗೆ ನಿಂತಿರೋವಾಗ ಅಣ್ಣನ ಮೀಸೆಗೆ ಕತ್ತಿ ಮುಟ್ಟಿಸಿದ್ರೆ ನೋಡು!"

"ಸರಿ ತಾಯಿ. ಆದ್ರೆ ಸಂಕಲ್ಪ ಮಾಡಿದ ಕತ್ತಿ, ಹಾಗೇ ಮಡಿಸೋಕಾಗಲ್ಲ" ಎಂದ ಓಬಯ್ಯ.

ಶಾಂತಮ್ಮ ಸುತ್ತ ನೋಡಿದರು. ಅವರ ನೋಟ ಗಂಡನ ಮೇಲೆ ಬಂದು ನಿಂತಿತು.

"ರೀ, ನಿಮಗೆ ಅಪ್ಪ ಇಲ್ವಲ್ಲ."

"ಗೆದ್ದಿರೋನು ನಾನು ಕಣೇ!"

"ಗೆದ್ದೋರು ದೊಡ್ಡ ಮನಸ್ಸು ಮಾಡ್ಬೇಕು."

ಕೃಷ್ಣಪ್ಪನವರ ಎದುರಿಗೆ ಮಾವ ನಿಂತಿದ್ದರು. ಸಂಚಿಯನ್ನು ಎದೆಗೆ ಅವುಚಿಕೊಂಡಿದ್ದರು. ಮುದುಕರು ನಿಜವಾಗಿ ಹೆದರಿದ್ದರು. ಮಗಳನ್ನು ಧಾರೆಯೆರೆದು ಕೊಟ್ಟ ದಿನದಿಂದ, ಊರೆಲ್ಲ ನಗುವಾಗಲೂ ಅಳಿಯನ ಸೋಡಾವನ್ನು ಹೊಗಳಿಕೊಂಡು ಕುಡಿದವರು ಅವರೊಬ್ಬರೇ. ಕೃಷ್ಣಪ್ಪನವರು ಭಾವನ ಭುಜ ಮುಟ್ಟಿ, "ಏಳಿ ಭಾವ" ಎಂದರು. ಹೋಗಿ ಕಲ್ಲಿನ ಮೇಲೆ ಕೂತರು.

ಬಲಗಡೆಯದು ಹೋಯಿತು. ಓಬಯ್ಯ ಎಡಗಡೆಗೆ ಕತ್ತಿ ಇಟ್ಟಾಗ ಹೊನ್ನಯ್ಯನವರು ಹತ್ತಿರ ಬಂದು, ಕಣ್ಣಲ್ಲಿ ನೀರು ತಂದುಕೊಂಡು, "ಅಳಿಯಂದ್ರೇ, ನಿಮ್ಮ ಋಣ ನನ್ನ ಮೇಲಿದೆ. ನಿಮ್ಮದೊಂದು ವಸ್ತು ನನ್ನ ಹತ್ರ ಇದೆ, ಜೋಪಾನ ಮಾಡಿದ್ದೀನಿ" ಎಂದು ಸಂಚಿಯಿಂದ ಹಿತ್ತಾಳೆಯ ಬಿರಡೆ ತೆಗೆದು ಅಳಿಯನ ಅಂಗೈಯಲ್ಲಿಟ್ಟರು. ಅದಕ್ಕೆ ಸುಣ್ಣ ಮೆತ್ತಿಕೊಂಡಿತ್ತು.

ಕೃಷ್ಣಪ್ಪನವರು ಬಿರಡೆಯನ್ನು ನೋಡಿದರು. ಹಲಗೆಯ ತೂತನ್ನು ನೋಡಿದರು. ಅದರಲ್ಲಿ ಊದುಬತ್ತಿಯ ಒಂದು ಮೋಟು ಕಡ್ಡಿ ಇನ್ನೂ ಸಿಕ್ಕಿಕೊಂಡಿತ್ತು. ಅವರ ಕಣ್ಣು ದೊಡ್ಡವಾದವು.

"ಮಾತಾಡ್ಬೇಡಿ ಸ್ವಾಮಿ, ತುಟಿ ಹೋಗುತ್ತೆ" ಎಂದ ಓಬಯ್ಯ.

ಎಡಗಡೆಯದೂ ಹೋಯಿತು. ರಾಮಚಂದ್ರಪ್ಪ ತಾವೇ ಬಗ್ಗಿ ಹಲಗೆಯ ಒಂದು ತುದಿ ಹಿಡಿದರು. "ಭಾವ, ಕೆಲಸ ಗಟ್ಟಿಯಾಗಿದೆ. ನಾನು ಸೋತೆ" ಎಂದರು. ಧರ್ಮಪ್ಪ ಇನ್ನೊಂದು ತುದಿ ಹಿಡಿದ. ಮೇಸ್ತ್ರಿ ಒಳ್ಳೆಯ ಮಾತು ಆಡಿದ್ದನ್ನು ಕೇಳಿ ಅವನಿಗೆ ಗಾಬರಿಯಾದಂತಿತ್ತು.

ಒದ್ದೆ ಪಂಚೆ, ತಲೆಗೆ ಟವೆಲು, ಬೋಳು ತುಟಿ, ಕೃಷ್ಣಪ್ಪನವರು ಮುಂದೆ. ಹಿಂದೆ ಹೂವಿನ ಸರ ಹಾಕಿದ ಭಾರವಾದದ್ದೇನನ್ನೋ ಹೊತ್ತ ಗಂಡಸರು, ಅವರ ಹಿಂದೆ ಕಣ್ಣೊರೆಸಿಕೊಳ್ಳುವ ಶಾಂತಮ್ಮ. ನಮ್ಮ ಬೀದಿಯ ತಿರುವಿನಲ್ಲಿ ನೀರು ತರುತ್ತಿದ್ದ ಕಾಳಮ್ಮ ಈ ಮೆರವಣಿಗೆ ನೋಡಿ ಬಿಂದಿಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಕೃಷ್ಣಪ್ನೋರೇ, ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ! ಯಾರು ಹೋದ್ರು?"

ಕೃಷ್ಣಪ್ಪನವರು ನಿಂತರು. ಪಕ್ಕದಲ್ಲಿ ಎಲೆ ಜಗಿಯುತ್ತ ಬರುತ್ತಿದ್ದ ಮಾವನ ಕಡೆ ನೋಡಿದರು. ಮೀಸೆಯಿದ್ದ ಜಾಗವನ್ನು ಒಂದು ಸಲ ಮುಟ್ಟಿಕೊಂಡರು.

"ದೋಣಿ" ಎಂದರು.

ಕಾಳಮ್ಮನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಯಾವುದಕ್ಕೂ ಇರಲಿ ಎಂದು ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡಳು.